ಕಾಫಿಯ ಬೆಟ್ಟಗಳಲ್ಲಿ ಕಾಣದ ತಂತಿ

ಚಿಕ್ಕಮಗಳೂರಿನ ಪೇಟೆಯಲ್ಲಿ ನಿಂತು ಉತ್ತರಕ್ಕೆ ಕಣ್ಣೆತ್ತಿದರೆ ಚಂದ್ರದ್ರೋಣ ಪರ್ವತದ ನೀಲಿಯ ಸಾಲು ಬಾಗಿ ನಿಂತಿರುವುದು ಕಾಣುತ್ತದೆ. ಕರ್ನಾಟಕದ ಅತ್ಯುನ್ನತ ಶಿಖರವಾದ, 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಇರುವುದು ಈ ಸಾಲಿನಲ್ಲಿಯೇ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಸಂತರು ಅರೇಬಿಯದಿಂದ ಏಳು ಕಾಫಿ ಬೀಜಗಳನ್ನು ತಂದು ಬಿತ್ತಿದರೆಂದು ಐತಿಹ್ಯ ಹೇಳುವುದೂ ಈ ಬೆಟ್ಟಗಳನ್ನು ಕುರಿತೇ. ಆ ಏಳು ಬೀಜಗಳ ಸಂತಾನ ಇಂದು ಕಣಿವೆ ಕಣಿವೆಗಳನ್ನು ತುಂಬಿ, ಮೂಡಿಗೆರೆಯನ್ನು ದಾಟಿ, ಕಳಸದ ಹೊಳೆಯಂಚಿನವರೆಗೂ ಹಬ್ಬಿದೆ.

ಈ ಕಾಫಿಗೂ ಅಂತರ್ಜಾಲಕ್ಕೂ ಒಂದು ಹಳೆಯ ನಂಟುಂಟು. ನಮ್ಮ ದೇಶದ ಜನಸಾಮಾನ್ಯರಿಗೆ ಅಂತರ್ಜಾಲದ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು. ಮರುವರ್ಷವೇ, 1996ರಲ್ಲಿ, ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಮನೆತನದ ವಿ. ಜಿ. ಸಿದ್ಧಾರ್ಥ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತಮ್ಮ ಮೊದಲ ಕಾಫಿ ಅಂಗಡಿಯನ್ನು ತೆರೆದರು. ಅಲ್ಲಿ ಕಾಫಿಯ ಬಟ್ಟಲಿನ ಜೊತೆಗೆ ಅಂತರ್ಜಾಲದ ಹೊತ್ತನ್ನೂ ಮಾರುತ್ತಿದ್ದರು. ಬೆಟ್ಟದ ಕಾಫಿ ಪಟ್ಟಣಕ್ಕೆ ಇಳಿದು ಹೋಗಿ ಅಂತರ್ಜಾಲವನ್ನು ಸಂಧಿಸಿತು. ಆದರೆ ಅಂತರ್ಜಾಲವು ಬೆಟ್ಟವನ್ನು ಹತ್ತಿ ಕಾಫಿಯ ತೌರಿಗೆ ಬರಲು ಬಹುಕಾಲ ಹಿಡಿಯಿತು. ಇಂದಿಗೂ ಅದು ಕೆಲವು ತಿರುವುಗಳಲ್ಲಿ ಏದುಸಿರು ಬಿಡುತ್ತಲೇ ಇದೆ.

ತೋಟದ ಮನೆಗಳು ಹೋಂಸ್ಟೇಗಳಾದ ಹೊಸದರಲ್ಲಿ ಕೋಣೆ ಕಾದಿರಿಸುವವರು ಎರಡು ಪ್ರಶ್ನೆಗಳನ್ನು ಕೇಳುತ್ತಿದ್ದರು: ಬಿಸಿನೀರು ಸಿಗುತ್ತದೆಯೆ? ಜಿಗಣೆಯ ಕಾಟವಿದೆಯೆ? ಈಗ ಇವೆರಡಕ್ಕೂ ಮೊದಲೇ ಬರುವ ಪ್ರಶ್ನೆ: ವೈಫೈ ಇದೆಯೆ? ಯಜಮಾನರು 'ಇದೆ' ಎನ್ನುತ್ತಾರೆ. ಆ ಎರಡಕ್ಷರದ ಮಾತನ್ನು ನಂಬಿ ಒಬ್ಬ ಗೃಹಸ್ಥ ಸೋಮವಾರದ ಕಚೇರಿ ಕೆಲಸವನ್ನು ಕಳಸದಿಂದಲೇ ಮಾಡಬಹುದೆಂದು ಹೆಂಡತಿ ಮಕ್ಕಳೊಡನೆ ಹೊರಟುಬಿಡುತ್ತಾನೆ. ಮಾತು ಸುಳ್ಳಾದರೆ ಅತಿಥಿ ಭಾನುವಾರ ಸಂಜೆಯೇ ಗಂಟು ಕಟ್ಟುತ್ತಾನೆ. ಮನೆಯ ಹೆಸರಿಗೂ ಮಸಿ. ಕಾಫಿಯ ಬೆಲೆ ಬಿದ್ದ ವರ್ಷಗಳಲ್ಲಿ ಅತಿಥಿಗಳಿಂದಲೇ ಸಂಸಾರ ತೂಗಿಸಿದ ಮನೆಗಳಿಗೆ ಇದು ಸಣ್ಣ ಮಾತಲ್ಲ. ಆದುದರಿಂದ ನಿಸ್ತಂತು ಜಾಲವನ್ನು ಆರಿಸುವ ಕೆಲಸ ಇಂದು ಕಾಫಿಯ ಸೀಮೆಯಲ್ಲಿ ಗೊಬ್ಬರವನ್ನು ಆರಿಸುವಷ್ಟೇ ಮುಖ್ಯವಾಗಿಬಿಟ್ಟಿದೆ.

ಮಲೆನಾಡಿನವರಿಗೆ ಈ ವಿದ್ಯೆಯನ್ನು ತಿಳಿಸಲು ಬಹಳ ದೂರ ಹೋಗಬೇಕಾಗಿಲ್ಲ. ಹಿಂದೆ ಗುಡ್ಡದ ಮೇಲಿನ ಅಬ್ಬಿಯ ನೀರನ್ನು ಅಡಕೆ ಮರದ ದಂಬೆಗಳ ಮೂಲಕ ಮನೆಯ ಹಿತ್ತಿಲಿಗೆ ತರುತ್ತಿದ್ದರು. ಹಿತ್ತಿಲಿನಲ್ಲಿ ಎಷ್ಟೇ ಚಂದದ ಹಂಡೆಯನ್ನಿಟ್ಟರೂ ಅಬ್ಬಿ ಬತ್ತಿದರೆ ನೀರಿಲ್ಲ. ಅಬ್ಬಿ ಧುಮ್ಮಿಕ್ಕುತ್ತಿದ್ದರೂ ದಂಬೆ ಸೀಳಿದರೆ ನೀರಿಲ್ಲ. ಅಂತರ್ಜಾಲದ ಸಂಗತಿಯೂ ಹೀಗೆಯೇ. ಹೊರಗಿನಿಂದ ಮನೆಯವರೆಗೆ ಬರುವ ಸಂಪರ್ಕ ಒಂದು. ಮನೆಯೊಳಗೆ ಅದನ್ನು ಗಾಳಿಯಲ್ಲಿ ಹಂಚುವ ವೈಫೈ ಇನ್ನೊಂದು. ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಅರ್ಧಕ್ಕರ್ಧ ಹಣ ಪೋಲಾಗುತ್ತದೆ. ಚಿಕ್ಕಮಗಳೂರಿನಿಂದ ಕಳಸದವರೆಗಿನ ದಾರಿಯಲ್ಲಿ ಸಾಗಿದರೆ ಈ ವ್ಯವಸ್ಥೆಯ ಮೂರು ಕಷ್ಟಗಳು ಮೂರು ಊರುಗಳ ಬಳಿ ಒಂದೊಂದಾಗಿ ಎದುರಾಗುತ್ತವೆ.

ಮೊದಲನೆಯ ಕಷ್ಟ: ಜನಸಂದಣಿ

ಚಿಕ್ಕಮಗಳೂರಿನ ಸುತ್ತಲಿನ ಇಳಿಜಾರುಗಳಲ್ಲಿ ದೊಡ್ಡ ವಿಹಾರಧಾಮಗಳಿವೆ. ಪೇಟೆ ಹತ್ತಿರವಾದುದರಿಂದ ಅಲ್ಲಿಗೆ ಒಳ್ಳೆಯ ಸಂಪರ್ಕ ಬರುವುದು ಕಷ್ಟವಲ್ಲ. ಕಷ್ಟವಿರುವುದು ಶನಿವಾರ ರಾತ್ರಿಯಲ್ಲಿ. 40 ಕೋಣೆಗಳ ಒಂದು ವಿಹಾರಧಾಮವೆನ್ನೋಣ. 80 ಅತಿಥಿಗಳು, ಮೊಬೈಲು, ಲ್ಯಾಪ್‌ಟಾಪು ಎಲ್ಲ ಸೇರಿ 120 ಸಾಧನಗಳಾದರೂ ಬರುತ್ತವೆ. ಊಟವಾದ ಮೇಲೆ ಅವುಗಳ ಪೈಕಿ 40ರಲ್ಲಿ ಸ್ಪಷ್ಟವಾದ ಚಲನಚಿತ್ರ ಓಡತೊಡಗಿದರೆ, ಒಂದೊಂದಕ್ಕೆ ಸೆಕೆಂಡಿಗೆ 5 ಮೆಗಾಬಿಟ್‌ನಂತೆ 200 ಮೆಗಾಬಿಟ್ ಬೇಕು. ಅಷ್ಟನ್ನು ಹೊರಗಿನಿಂದ ತರಿಸಿದರೂ ಸಾಲದು. ಗಾಳಿಯಲ್ಲಿ ಅದನ್ನು ಹಂಚುವ ಕ್ರಮ ಸರಿಯಾಗಿರಬೇಕು.

ಆ ಕ್ರಮದ ಕಥೆ ಸೊಗಸಾಗಿದೆ. ಕಾಫಿಯನ್ನು ಬೆಳೆಯುವ ಮತ್ತೊಂದು ಬೆಟ್ಟಗಳ ನಾಡು ಶಾಂತಸಾಗರದ ನಡುವಿನ ಹವಾಯಿ. ಅಲ್ಲಿಯ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ಸಂಗಡಿಗರು ದ್ವೀಪದಿಂದ ದ್ವೀಪಕ್ಕೆ ತಂತಿಯೆಳೆಯುವ ತೊಂದರೆಯನ್ನು ತಪ್ಪಿಸಲು 1971ರಲ್ಲಿ ರೇಡಿಯೋ ಅಲೆಗಳಿಂದಲೇ ಗಣಕಯಂತ್ರಗಳನ್ನು ಜೋಡಿಸಿದರು. ಆ ನಾಡಿನ ಸ್ವಾಗತದ ನುಡಿಯನ್ನೇ ತೆಗೆದುಕೊಂಡು ಅದಕ್ಕೆ 'ಅಲೋಹಾನೆಟ್' ಎಂದು ಹೆಸರಿಟ್ಟರು. ಎಲ್ಲರಿಗೂ ಒಂದೇ ಗಾಳಿ. ಇಬ್ಬರು ಏಕಕಾಲಕ್ಕೆ ಮಾತನಾಡಿದರೆ ಇಬ್ಬರ ಮಾತೂ ಕೆಡುತ್ತದೆ. ಆಗ ಸ್ವಲ್ಪ ತಡೆದು ಮತ್ತೆ ಹೇಳಬೇಕು. 1997ರಲ್ಲಿ ಮೊದಲ ಬಾರಿಗೆ ವಿಧಿಬದ್ಧವಾದ ವೈಫೈ ಈ ವಿಚಾರದ ಸಂತತಿಯೇ. ಅದು ಇನ್ನೂ ಸ್ವಲ್ಪ ಸಭ್ಯತೆಯನ್ನು ಕಲಿಯಿತು: ಮಾತನಾಡುವ ಮೊದಲು ಬೇರೆ ಯಾರೂ ಮಾತನಾಡುತ್ತಿಲ್ಲವೆ ಎಂದು ಕಿವಿಗೊಟ್ಟು ಕೇಳುತ್ತದೆ.

ಇದರಿಂದ ತಿಳಿಯಬೇಕಾದ ವಿಷಯವೇನು? ಒಂದು ಪೆಟ್ಟಿಗೆಯ ಸುತ್ತ ಜನ ಹೆಚ್ಚಿದಷ್ಟೂ ಒಬ್ಬೊಬ್ಬರ ಸರದಿ ತಡವಾಗುತ್ತದೆ. ಆದುದರಿಂದ ಗಂಟಲು ದೊಡ್ಡದಾದ ಒಂದು ಪೆಟ್ಟಿಗೆಗಿಂತ, ಮೆಲುದನಿಯ ಹಲವು ಪೆಟ್ಟಿಗೆಗಳು ಮೇಲು. ಒಂದೊಂದು ಮೂಲೆಗೂ ಒಂದೊಂದು. ಅಕ್ಕಪಕ್ಕದವು ಬೇರೆ ಬೇರೆ ಚಾನೆಲ್‌ಗಳಲ್ಲಿ. 2019ರಿಂದ ಪ್ರಮಾಣಪತ್ರ ಪಡೆದು ಬರುತ್ತಿರುವ ವೈಫೈ 6 ಎಂಬ ಬಗೆಯು ಇಂಥ ಸಂದಣಿಗೆಂದೇ ರೂಪುಗೊಂಡದ್ದು. ಒಬ್ಬೊಬ್ಬ ಪ್ರಯಾಣಿಕನಿಗೂ ಒಂದೊಂದು ಜೀಪನ್ನು ಕಳುಹಿಸದೆ, ಹಲವರನ್ನು ಒಂದೇ ಬಸ್ಸಿನಲ್ಲಿ ಕೂರಿಸಿದ ಹಾಗೆ ಅದು ಹಲವು ಸಾಧನಗಳ ಸಣ್ಣ ಸಣ್ಣ ಸಂದೇಶಗಳನ್ನು ಒಂದೇ ಸರದಿಯಲ್ಲಿ ಒಯ್ಯುತ್ತದೆ. 2024ರಲ್ಲಿ ಬಂದ ವೈಫೈ 7 ಇನ್ನೂ ಶೀಘ್ರಗಾಮಿ. ಆದರೆ ಅತಿಥಿಯ ಕೈಯಲ್ಲಿರುವ ಮೊಬೈಲು ಆ ಭಾಷೆಯನ್ನು ಅರಿಯದಿದ್ದರೆ ಆ ಹೆಚ್ಚುಗಾರಿಕೆಯ ಪ್ರಯೋಜನ ಅವನಿಗಿಲ್ಲ. ನಾಲ್ಕು ಕೋಣೆಗಳ ಹೋಂಸ್ಟೇಗೆ ವೈಫೈ 6 ಧಾರಾಳವಾಗಿ ಸಾಕು; ಉಳಿದ ಹಣಕ್ಕೆ ಬೇರೆ ಕೆಲಸವಿದೆ.

ಎರಡನೆಯ ಕಷ್ಟ: ಗೋಡೆ

ಆ ಕೆಲಸವೇನೆಂಬುದು ಮೂಡಿಗೆರೆಯ ಕಡೆ ಹೊರಳಿದಾಗ ತಿಳಿಯುತ್ತದೆ. ಸಿಲ್ವರ್ ಓಕ್ ಮರಗಳನ್ನು ಮೆಣಸಿನ ಬಳ್ಳಿ ಅಪ್ಪಿರುವ ತೋಟಗಳ ನಡುವೆ, ಕಾಫಿಯನ್ನು ಹರವುವ ವಿಶಾಲವಾದ ಕಣದ ಹಿಂದೆ, ಹೆಂಚಿನ ಮಾಡಿನ ಹಳೆಯ ಮನೆಗಳಿವೆ. ಕಲ್ಲಿನ ಅಥವಾ ಮಣ್ಣಿನ, ಎರಡಡಿ ದಪ್ಪದ ಗೋಡೆಗಳು. ಬೇಸಗೆಯಲ್ಲಿ ತಂಪು, ಮಳೆಗಾಲದಲ್ಲಿ ಬೆಚ್ಚಗೆ. ಅಜ್ಜಂದಿರು ಕಳ್ಳಕಾಕರಿಗೂ ಗಾಳಿಮಳೆಗೂ ಹೆದರಿ ಕಟ್ಟಿದ ಈ ಗೋಡೆಗಳು ಮೊಮ್ಮಕ್ಕಳ ವೈಫೈಯನ್ನೂ ತಡೆದು ನಿಲ್ಲಿಸುತ್ತವೆ.

ವೈಫೈಯ ಅಲೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ಅದು ಗೋಡೆಯನ್ನು ಒಂದಿಷ್ಟು ನುಸುಳಿ ದೂರ ಹೋಗುತ್ತದೆ. ಆದರೆ ಅದರ ದಾರಿ ಕಿರಿದು. ಒಂದಕ್ಕೊಂದು ತಾಗದಂತೆ ಸಾಗಬಲ್ಲ ಚಾನೆಲ್‌ಗಳು 1, 6, 11 ಎಂಬ ಮೂರೇ ಮೂರು. 5 ಗಿಗಾಹರ್ಟ್ಸ್ ಅಲೆಯ ಉದ್ದ ಹೆಚ್ಚುಕಡಿಮೆ ಅದರ ಅರ್ಧ. ಅದರ ದಾರಿ ಹೆದ್ದಾರಿಯಂತೆ ಅಗಲ, ವೇಗವೂ ಹೆಚ್ಚು. ಆದರೆ ದಪ್ಪ ಗೋಡೆಯನ್ನು ಕಂಡರೆ ಸೊರಗಿಬಿಡುತ್ತದೆ. ತಗಡಿನ ಮಾಡು ಎರಡನ್ನೂ ಹಿಂದಕ್ಕಟ್ಟುತ್ತದೆ. ನೀರಿನ ತೊಟ್ಟಿ ಎರಡನ್ನೂ ಹೀರುತ್ತದೆ. ಹೀಗಾಗಿ ಜಗಲಿಯಲ್ಲಿ ಚುರುಕಾಗಿರುವ ವೈಫೈ ನಡುಮನೆಯಲ್ಲಿ ತೆವಳಿ, ಹಿಂದಿನ ಕೋಣೆಯನ್ನು ಮುಟ್ಟುವುದರೊಳಗೆ ಪ್ರಾಣ ಬಿಟ್ಟಿರುತ್ತದೆ.

ಇಂಥ ಮನೆಗೆ ಜಾಲವನ್ನು ಜೋಡಿಸಲು ಬಂದ ಹುಡುಗನನ್ನು ಮನೆಯ ಯಜಮಾನಿತಿ ಕೇಳುವುದು ಒಂದೇ ಮಾತು: ''ಇದಕ್ಕಿಂತ ದೊಡ್ಡ ಡಬ್ಬಿ ಹಾಕಿದರೆ ಆಗುವುದಿಲ್ಲವೇನಪ್ಪ?'' ಕೆಲಸ ಬಲ್ಲ ಹುಡುಗ ಕಾಫಿಯ ಲೋಟವನ್ನು ಕೆಳಗಿಟ್ಟು ಹೇಳುವ ಉತ್ತರವೂ ಒಂದೇ: ''ಡಬ್ಬಿ ದೊಡ್ಡದಾದರೆ ಗೋಡೆ ತೆಳ್ಳಗಾಗುವುದಿಲ್ಲವಮ್ಮ. ಕೋಣೆ ಕೋಣೆಗೂ ತಂತಿ ಎಳೆಯಬೇಕು.''

ನಿಸ್ತಂತು ಜಾಲದ ಗುಟ್ಟು ತಂತಿಯಲ್ಲಿದೆ ಎಂಬುದು ವಿಚಿತ್ರವೆನಿಸಿದರೂ ನಿಜ. ಅಟ್ಟದ ಮೇಲೆ ತಂತಿಯನ್ನೆಳೆದು, ಎರಡೆರಡು ಕೋಣೆಗಳಿಗೆ ಒಂದರಂತೆ ಸಣ್ಣ ಆಕ್ಸೆಸ್ ಪಾಯಿಂಟುಗಳನ್ನಿಟ್ಟರೆ ಪ್ರತಿಯೊಂದಕ್ಕೂ ದಾಟಬೇಕಾದ ಗೋಡೆ ಒಂದೇ. ಅದೇ ತಂತಿಯಲ್ಲಿ ವಿದ್ಯುತ್ತನ್ನೂ ಕಳುಹಿಸಬಹುದಾದುದರಿಂದ ಅಟ್ಟದಲ್ಲಿ ಬೇರೆ ಪ್ಲಗ್ಗು ಬೇಕಾಗಿಲ್ಲ. ತಂತಿಯ ಗೊಡವೆಯೇ ಬೇಡವೆಂದು 'ಮೆಶ್' ಪೆಟ್ಟಿಗೆಗಳನ್ನು ಕೊಳ್ಳುವವರುಂಟು. ಒಂದು ಪೆಟ್ಟಿಗೆ ಕೇಳಿದ್ದನ್ನು ಮತ್ತೊಂದು ಮುಂದಕ್ಕೆ ಕೂಗಿ ಹೇಳುವ ಏರ್ಪಾಡು ಅದು. ಕೇಳುವುದೂ ಹೇಳುವುದೂ ಒಂದೇ ರೇಡಿಯೋದಿಂದ ಆಗುವ ಪೆಟ್ಟಿಗೆಗಳಲ್ಲಿ ಒಂದೊಂದು ಜಿಗಿತಕ್ಕೂ ವೇಗ ಸುಮಾರು ಅರ್ಧವಾಗುತ್ತದೆ. ತೆಳುಗೋಡೆಯ ಪಟ್ಟಣದ ಮನೆಗೆ ಅದು ಒಪ್ಪಬಹುದು; ಎರಡಡಿ ಗೋಡೆಯ ಮನೆಗೆ ಒಪ್ಪದು.

ತೋಟದ ನಡುವೆ ಕಟ್ಟಿದ ಒಂಟಿ ಕುಟೀರಗಳಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ತಾಮ್ರದ ಜಾಲದ ತಂತಿಗೆ 100 ಮೀಟರ್ ಮಿತಿಯಿದೆ. ಅದಕ್ಕಿಂತ ಮುಖ್ಯವಾಗಿ, ಏಪ್ರಿಲ್ ಮೇ ತಿಂಗಳ ಗುಡುಗಿನ ಮಳೆಯಲ್ಲಿ ಹತ್ತಿರದಲ್ಲೆಲ್ಲೋ ಬಿದ್ದ ಸಿಡಿಲಿನ ರಭಸ ತಾಮ್ರದ ಮೂಲಕ ಮನೆಯೊಳಗೆ ನುಗ್ಗಿ ಒಂದೇ ಕ್ಷಣದಲ್ಲಿ ಎಲ್ಲ ಪೆಟ್ಟಿಗೆಗಳನ್ನೂ ಸುಟ್ಟುಬಿಡಬಹುದು. ಗಾಜಿನ ಎಳೆಯಾದ ಫೈಬರಿಗೆ ಈ ಭಯವಿಲ್ಲ; ಅದರಲ್ಲಿ ಹರಿಯುವುದು ಬೆಳಕು. ಲೋಹದ ಆಧಾರ ತಂತಿಯಿಲ್ಲದ ಫೈಬರನ್ನು ಕುಟೀರಗಳಿಗೆ ಎಳೆದು, ಮನೆಗೆ ಸರಿಯಾದ ಅರ್ಥಿಂಗ್ ಮಾಡಿಸುವುದು ಜಾಣತನ.

ಕಾಡಿಗೂ ಯಂತ್ರಕ್ಕೂ ಹಗೆತನವೆಂದು ಭಾವಿಸುವವರು ಮೂಡಿಗೆರೆಯಲ್ಲಿ ಒಂದು ನಿಮಿಷ ನಿಲ್ಲಬೇಕು. 2007ರಲ್ಲಿ ಕಣ್ಮರೆಯಾದ ಕೆ. ಪಿ. ಪೂರ್ಣಚಂದ್ರ ತೇಜಸ್ವಿ ಇಲ್ಲಿಯೇ, 'ನಿರುತ್ತರ' ಎಂಬ ತಮ್ಮ ತೋಟದಲ್ಲಿ, ಹಕ್ಕಿಗಳನ್ನೂ ಮೀನುಗಳನ್ನೂ ನೋಡುತ್ತ ಬಾಳಿದರು. ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ನೆಲೆಗೊಳ್ಳಬೇಕೆಂದು ಹೋರಾಡಿದವರೂ ಅವರೇ. ಕಾಡಿನ ಮನೆಗೆ ಎಂಥ ಯಂತ್ರ ಬೇಕು, ಎಷ್ಟು ಬೇಕು ಎಂದು ಕೇಳುವುದರಲ್ಲಿ ತಪ್ಪಿಲ್ಲ. ಬೇಕೇ ಇಲ್ಲ ಎನ್ನುವುದು ಹೊರಗಿನವರ ಕಲ್ಪನೆ.

ಮೂರನೆಯ ಕಷ್ಟ: ಮೂಲ

ಮೂಡಿಗೆರೆಯಿಂದ ಬಣಕಲ್ ದಾಟಿ ಕೊಟ್ಟಿಗೆಹಾರಕ್ಕೆ ಬಂದರೆ ನೀರುದೋಸೆಯ ಘಮಲು ಬಸ್ಸಿನೊಳಕ್ಕೂ ಬರುತ್ತದೆ. ಇಲ್ಲಿಂದ ನೇರ ಹೋದರೆ ಚಾರ್ಮಾಡಿ ಘಾಟಿ. ಬಾಳೂರಿನ ಕಡೆಗೆ ತಿರುಗಿದರೆ ಕಳಸ. ತಿರುವು ತಿರುವಿಗೂ ಮೊಬೈಲಿನ ಸಂಕೇತದ ಗೆರೆಗಳು ಒಂದೊಂದಾಗಿ ಉದುರುತ್ತವೆ. ಕಣಿವೆಯ ಮನೆಗಳು ಹಳ್ಳದ ನೀರಿಗಾಗಿ ತಗ್ಗಿನಲ್ಲಿ ಕಟ್ಟಿದಂಥವು. ಮೊಬೈಲಿನ ಗೋಪುರ ಗುಡ್ಡದ ಆಚೆಗಿದ್ದರೆ ಅದರ ಅಲೆ ತಲೆಯ ಮೇಲೆಯೇ ಹಾದುಹೋಗುತ್ತದೆ.

ಈ ಸೀಮೆಯಲ್ಲಿ ಮೂಲವೇ ಮೊದಲ ಚಿಂತೆ. ಗ್ರಾಮ ಪಂಚಾಯಿತಿಗಳಿಗೆಲ್ಲ ಫೈಬರನ್ನು ಒಯ್ಯುವ ಕೇಂದ್ರ ಸರ್ಕಾರದ ಯೋಜನೆಗೆ 2011ರಲ್ಲಿ ಒಪ್ಪಿಗೆ ದೊರೆಯಿತು. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂತು. ಪಂಚಾಯಿತಿಯ ಬಾಗಿಲಿನಿಂದ ತೋಟದ ಬಾಗಿಲಿನವರೆಗಿನ ಕೊನೆಯ ಕೆಲವು ಮೈಲಿಗಳು ಮಾತ್ರ ಕಂಬದಿಂದ ಕಂಬಕ್ಕೆ, ಮರದಿಂದ ಮರಕ್ಕೆ ತೂಗಾಡುವ ಎಳೆಯ ಮೇಲೆ ನಿಂತಿವೆ. ಫೈಬರ್ ಸಿಗುವ ಕಡೆ ಅದನ್ನೇ ಆರಿಸಬೇಕು, ಎರಡನೆಯ ಮಾತಿಲ್ಲ. ಆದರೆ ಪುನರ್ವಸು ಪುಷ್ಯದ ಮಳೆಯಲ್ಲಿ ಒಂದು ಕೊಂಬೆ ಮುರಿದು ಬಿದ್ದರೆ ಎಳೆ ತುಂಡಾಗುತ್ತದೆ. ಬೆಸೆಯುವ ಯಂತ್ರದೊಡನೆ ಮನುಷ್ಯ ಬರುವವರೆಗೆ ಕತ್ತಲೆ. ಅದಕ್ಕಾಗಿ ತೋಟದೊಳಗೆ ಎಳೆಯನ್ನು ಕೊಳವೆಯಲ್ಲಿ ಹೂಳುವುದು, ಅಲ್ಲಲ್ಲಿ ಒಂದೊಂದು ಸುರುಳಿಯಷ್ಟು ಹೆಚ್ಚಿನ ಎಳೆಯನ್ನು ಉಳಿಸಿಡುವುದು ಒಳ್ಳೆಯದು.

ಫೈಬರ್ ಗುಡ್ಡದ ಆಚೆಯ ನೆಂಟರ ಮನೆಯವರೆಗೆ ಮಾತ್ರ ಬಂದಿದ್ದರೆ? ಎರಡು ಮನೆಗಳ ಮಾಡಿನ ಮೇಲೂ ಒಂದಕ್ಕೊಂದು ಮುಖ ಮಾಡಿದ ತಟ್ಟೆಗಳನ್ನಿಟ್ಟು 5 ಗಿಗಾಹರ್ಟ್ಸ್ ಅಲೆಯಿಂದ ಸೇತುವೆ ಕಟ್ಟಬಹುದು. ಆದರೆ ಕಣ್ಣಿಗೆ ಎದುರು ಮನೆ ಕಂಡರೆ ಸಾಲದು. ಅಲೆಯು ನಡುವೆ ಉಬ್ಬಿ ಸಾಗುವುದರಿಂದ, ಒಂದು ಕಿಲೋಮೀಟರ್ ದೂರಕ್ಕೆ ದಾರಿಯ ಮಧ್ಯದಲ್ಲಿ ನೋಟದ ಗೆರೆಯ ಸುತ್ತ ಮೂರೂವರೆ ಮೀಟರಿನಷ್ಟು ಜಾಗ ಬಹುಮಟ್ಟಿಗೆ ತೆರವಾಗಿರಬೇಕು. ಬೇಸಗೆಯಲ್ಲಿ ಮರಗಸಿ ಮುಗಿದ ಹೊಸದರಲ್ಲಿ ಕಟ್ಟಿದ ಸೇತುವೆ ಅದ್ಭುತವಾಗಿ ನಡೆದು, ಮಳೆಗಾಲದಲ್ಲಿ ಚಿಗುರು ತುಂಬಿದ ಮೇಲೆ ಕುಂಟುವುದುಂಟು. ಜನ ಮಳೆಯನ್ನು ದೂರುತ್ತಾರೆ. ಇಷ್ಟು ಹತ್ತಿರದ 5 ಗಿಗಾಹರ್ಟ್ಸ್ ಅಲೆಗೆ ಮಳೆಹನಿ ಮಾಡುವ ಹಾನಿ ಅಲ್ಪ. ಕಳ್ಳನೆಂದರೆ ನೀರು ಹಿಡಿದು ನಿಂತ ಎಲೆ. ಸೇತುವೆಯನ್ನು ಅಳೆಯಬೇಕಾದ ಕಾಲ ಜುಲೈ, ಮಾರ್ಚ್ ಅಲ್ಲ.

ಇನ್ನು ಆಕಾಶದ ದಾರಿ. 36,000 ಕಿಲೋಮೀಟರ್ ಎತ್ತರದ ಹಳೆಯ ಬಗೆಯ ಉಪಗ್ರಹದ ಮೂಲಕ ಮಾತು ಹೋಗಿ ಉತ್ತರ ಬರಲು ಅರ್ಧ ಸೆಕೆಂಡು ಬೇಕು. ಮುಖ ನೋಡುತ್ತ ಮಾತನಾಡುವವರಿಗೆ ಅದು ಕಿರಿಕಿರಿ. ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಸ್ಟಾರ್‌ಲಿಂಕ್ ಸಂಸ್ಥೆಗೆ 2025ರ ಜೂನ್‌ನಲ್ಲಿ ನಮ್ಮ ದೇಶದ ಪರವಾನಿಗೆ ದೊರೆತಿದೆ. ಅಲ್ಲಿ ಈ ವಿಳಂಬವಿಲ್ಲ. ಆದರೆ ಅದರ ತಟ್ಟೆಗೆ ವಿಶಾಲವಾದ ತೆರೆದ ಆಕಾಶ ಬೇಕು. ನೆರಳಿನಲ್ಲೇ ಬೆಳೆಯುವ ಬೆಳೆಯ ನಾಡಿನಲ್ಲಿ ತೆರೆದ ಆಕಾಶವಿರುವುದು ಕಾಫಿಯ ಕಣದ ಮೇಲೆ ಮಾತ್ರ! ಇವೆಲ್ಲಕ್ಕಿಂತ ಸುಲಭವಾದ ಎರಡನೆಯ ಊರುಗೋಲು, ಎತ್ತರದ ಕಂಬದ ಮೇಲೆ ಆಂಟೆನಾ ಕಟ್ಟಿದ 4ಜಿ ರೂಟರ್. ಫೈಬರ್ ತುಂಡಾದ ಕೂಡಲೆ ತಾನಾಗಿ ಅದರ ಕಡೆ ಹೊರಳುವ ಏರ್ಪಾಡನ್ನು ಮಾಡಿಸಿಕೊಳ್ಳಬಹುದು.

ಮೂಲವಿದ್ದೂ ವಿದ್ಯುತ್ತಿಲ್ಲದಿದ್ದರೆ ಎಲ್ಲವೂ ವ್ಯರ್ಥ. ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ವಿದ್ಯುತ್ ಹೋಗುವುದು ಹೊಸತಲ್ಲ. ಫೈಬರಿನ ಪೆಟ್ಟಿಗೆ, ರೂಟರ್, ಎರಡು ಆಕ್ಸೆಸ್ ಪಾಯಿಂಟ್ ಎಲ್ಲ ಸೇರಿ ಉಣ್ಣುವುದು ಸುಮಾರು 45 ವ್ಯಾಟ್. 12 ವೋಲ್ಟಿನ, 150 ಆಂಪಿಯರ್-ಗಂಟೆಯ ಬ್ಯಾಟರಿಯ ಅರ್ಧ ಶಕ್ತಿಯನ್ನು ಬಳಸಿದರೂ 900 ವ್ಯಾಟ್-ಗಂಟೆಯಾಯಿತು. ನಷ್ಟ ಕಳೆದು ಹದಿನೈದು ಗಂಟೆಗೆ ಮೋಸವಿಲ್ಲ. ವೈಫೈ 7ರ ಮೋಹವನ್ನು ಬಿಟ್ಟು ಉಳಿಸಿದ ಹಣವು ಅಟ್ಟದ ತಂತಿಗೂ ಈ ಬ್ಯಾಟರಿಗೂ ಸಲ್ಲಬೇಕು.

ಇದರ ಬೆಲೆ ಏನೆಂಬುದು 2019ರ ಆಗಸ್ಟ್‌ನಲ್ಲಿ ತಿಳಿಯಿತು. ಆ ಮಳೆಯಲ್ಲಿ ಮೂಡಿಗೆರೆಯ ಸೀಮೆಯ ಗುಡ್ಡಗಳು ಕುಸಿದವು. ಚಾರ್ಮಾಡಿ ಘಾಟಿ ಮುಚ್ಚಿತು. ಅಂಥ ರಾತ್ರಿಯಲ್ಲಿ 'ಎಲ್ಲರೂ ಕ್ಷೇಮ' ಎಂಬ ಒಂದು ಸಾಲನ್ನು ಬೆಂಗಳೂರಿನ ಮಗಳಿಗೆ ಮುಟ್ಟಿಸುವುದಕ್ಕೆ ಎಷ್ಟು ಬೆಲೆ ಕಟ್ಟಬಹುದು? ಮೊಬೈಲ್ ಸಂಕೇತವೇ ಇಲ್ಲದ ಕಣಿವೆಯಲ್ಲೂ ಈಗ ವೈಫೈಯ ಮೂಲಕ ಸಾಮಾನ್ಯ ದೂರವಾಣಿಯ ಕರೆಯನ್ನೇ ಮಾಡಬಹುದು. ವೈದ್ಯರನ್ನು ಕರೆಯುವುದಕ್ಕೂ ಅತಿಥಿಗಾಗಿ ಹಾಕಿಸಿದ ಈ ಪೆಟ್ಟಿಗೆಯೇ ದಾರಿ.

ಜಾಲ ಯಾರಿಗೆ?

ಅತಿಥಿಗೆ ಬಾಗಿಲು ತೆರೆದ ಮಾತ್ರಕ್ಕೆ ತಿಜೋರಿಯ ಕೀಲಿಯನ್ನು ಕೊಡಬೇಕಾಗಿಲ್ಲ. ತೋಟದ ಲೆಕ್ಕಪತ್ರ, ಕಾವಲಿನ ಕ್ಯಾಮೆರಾ, ಹಣ ಪಡೆಯುವ ಯಂತ್ರಗಳಿಗೆ ಒಂದು ಜಾಲ, ಅತಿಥಿಗಳಿಗೆ ಮತ್ತೊಂದು. ಪಾಸ್‌ವರ್ಡ್ ಇಲ್ಲದ ಜಾಲವಂತೂ ಕೂಡದು. 2008ರಲ್ಲಿ ದುಷ್ಕರ್ಮಿಗಳು ನವಿ ಮುಂಬಯಿಯ ಮನೆಯೊಂದರ ಕಾವಲಿಲ್ಲದ ವೈಫೈಯಿಂದ ಬೆದರಿಕೆಯ ಪತ್ರವನ್ನು ಕಳುಹಿಸಿದ್ದರಿಂದ ನಿರಪರಾಧಿಯಾದ ಮನೆಯವರು ವಿಚಾರಣೆಗೊಳಗಾದ ಪ್ರಸಂಗವನ್ನು ಮರೆಯಲಾಗದು.

ಕಳಸದಲ್ಲಿ ಕಳಸೇಶ್ವರನ ಮೆಟ್ಟಿಲನ್ನು ಇಳಿದು ಭದ್ರೆಯನ್ನು ದಾಟಿದರೆ ಹೊರನಾಡು. ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಬಂದವರಿಗೆಲ್ಲ ಊಟ. ದೂರದ ಪಟ್ಟಣದಿಂದ ಮೋಟಾರಿನಲ್ಲಿ ಬಂದವರೂ, ತೋಟದ ಕೆಲಸ ಮುಗಿಸಿ ನಡೆದು ಬಂದವರೂ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ. ಈ ಪಂಕ್ತಿಯನ್ನು ನೋಡಿ ಹಿಂತಿರುಗುವವರಿಗೆ ತೋಟದ ಅಂಚಿನ ಲೈನ್ ಮನೆಗಳ ನೆನಪಾಗದಿರದು. ಕಾಫಿ ಕೊಯ್ಯುವವರ ಮಕ್ಕಳು ಅಲ್ಲಿದ್ದಾರೆ. 2021ರ ಮಳೆಗಾಲದಲ್ಲಿ, ಘಟ್ಟದ ಕೆಳಗಿನ ಸುಳ್ಯ ತಾಲ್ಲೂಕಿನಲ್ಲಿ, ರಸ್ತೆಬದಿಯಲ್ಲಿ ಕುಳಿತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದ ಮಗಳಿಗೆ ಕೊಡೆ ಹಿಡಿದು ನಿಂತ ತಂದೆಯ ಛಾಯಾಚಿತ್ರವನ್ನು ನಾಡೆಲ್ಲ ನೋಡಿತು. ಅತಿಥಿಗಳಿಗಾಗಿ ಬಂದ ಫೈಬರಿನಿಂದ ಇನ್ನೊಂದು ಎಳೆಯನ್ನು ಲೈನ್ ಮನೆಗಳ ಜಗಲಿಗೂ ಎಳೆದು ಒಂದು ಪೆಟ್ಟಿಗೆಯನ್ನಿಟ್ಟರೆ, ಅದರ ಖರ್ಚು ಕೆಲವು ಅತಿಥಿಗಳ ಒಂದು ರಾತ್ರಿಯ ಬಾಡಿಗೆಯನ್ನು ಮೀರಲಿಕ್ಕಿಲ್ಲ. ಅಬ್ಬಿಯ ನೀರು ದೊಡ್ಡ ಮನೆಯ ಹಿತ್ತಿಲಿನಲ್ಲೇ ನಿಲ್ಲಬೇಕೆಂಬ ನಿಯಮ ಎಲ್ಲಿಯೂ ಇಲ್ಲ.

ಕೊನೆಯದಾಗಿ, ಜಾಲವಿಲ್ಲದ ಒಂದು ಮೂಲೆಯನ್ನು ಉಳಿಸಿಡುವುದೂ ಆತಿಥ್ಯವೇ. ಪೆಟ್ಟಿಗೆಗಳನ್ನು ಕೋಣೆಗಳಲ್ಲಿಟ್ಟು, ಹಳ್ಳದ ಕಡೆಯ ಕಲ್ಲುಬೆಂಚನ್ನು ಹಾಗೆಯೇ ಬಿಟ್ಟರೆ, ಸೋಮವಾರದ ಕೆಲಸವನ್ನು ನೆಮ್ಮದಿಯಾಗಿ ಮುಗಿಸಿದ ಗೃಹಸ್ಥ ಸಂಜೆ ಮಕ್ಕಳೊಡನೆ ಅಲ್ಲಿಗೆ ಬಂದು ಕೂರಬಹುದು. ಜೀರುಂಡೆಗಳ ದನಿ ಏರುತ್ತಿರುತ್ತದೆ. ಮನೆಯ ಕಡೆಯಿಂದ ಯಾರೋ ಕಾಫಿಗೆ ಕೂಗುತ್ತಾರೆ. ಆ ಕೂಗಿಗೆ ಮಾತ್ರ ಯಾವ ಪೆಟ್ಟಿಗೆಯೂ ಬೇಕಾಗಿಲ್ಲ.